ಕಾಮಾಕುರಾದ ಕಡಲ ದಂಡೆಯಲ್ಲಿ ಒಂದು ದಿನ

ಕೊಗನೊಳ್ಳಿಯಂಥ ಗಡಿಗ್ರಾಮದಲ್ಲಿ ಹುಟ್ಟಿ ಬೆಳೆದವರಿಗೆ ನೀರು ಎಂದರೆ ದೂಧಗಂಗೆ, ವೇದಗಂಗೆ ಮತ್ತು ತೋಟದ ಬಾವಿ. ಸಮುದ್ರವೆಂಬುದು ಶಾಲೆಯ ಗೋಡೆಯ ಮೇಲಿನ ಭೂಪಟದ ನೀಲಿ ಬಣ್ಣ ಮಾತ್ರ. ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದ ನಾವು ಆ ನೀಲಿಯನ್ನು ಕೋಲಿನಿಂದ ತೋರಿಸಿ, ಶಾಂತ ಮಹಾಸಾಗರವೇ ಜಗತ್ತಿನ ಸಾಗರಗಳಲ್ಲೆಲ್ಲ ಹಿರಿದೆಂದು ಎಷ್ಟೋ ತಲೆಮಾರಿನ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇವೆ. ಆದರೆ ಕಣ್ಣಾರೆ ಕಂಡ ಕಡಲು ಒಂದೇ ಒಂದು. ಮದುವೆಯಾದ ಹೊಸತರಲ್ಲಿ ಕೊಲ್ಹಾಪುರದ ಮೇಲಿಂದ ಅಂಬಾ ಘಾಟ ಇಳಿದು ರತ್ನಾಗಿರಿಗೆ ಹೋಗಿ, ಅರ್ಧ ದಿನ ನಿಂತು ನೋಡಿ ಬಂದದ್ದು. ಹೀಗಿರುವಾಗ ಅರವತ್ತು ದಾಟಿದ ಮೇಲೆ ಅದೇ ಶಾಂತ ಮಹಾಸಾಗರದ ಅಲೆಗಳಲ್ಲಿ ಪಾದ ತೊಳೆಯುವ ಯೋಗ ಒದಗಿಬಂದೀತೆಂದು ನಾವು ಕನಸಿನಲ್ಲಿಯೂ ಎಣಿಸಿರಲಿಲ್ಲ.

ನಮ್ಮ ಒಬ್ಬನೇ ಮಗ ಗಣಕಯಂತ್ರದ ಉದ್ಯೋಗದ ನಿಮಿತ್ತ ಜಪಾನಿನ ಯೊಕೊಹಾಮಾದಲ್ಲಿ ಸಂಸಾರ ಹೂಡಿದ್ದಾನೆ. ಟೋಕಿಯೊ ನಗರಕ್ಕೆ ದಕ್ಷಿಣದಲ್ಲಿ, ಅದಕ್ಕೆ ಅಂಟಿಕೊಂಡಂತೆಯೇ ಇರುವ ಈ ಬಂದರು ಪಟ್ಟಣವು ಜನಸಂಖ್ಯೆಯಲ್ಲಿ ಜಪಾನಿಗೆ ಎರಡನೆಯದು. ಸುಮಾರು 37 ಲಕ್ಷ ಜನ ಅಲ್ಲಿ ವಾಸಿಸುತ್ತಾರೆ. 2023ರ ದೀಪಾವಳಿ ಮುಗಿಸಿ, ಕಬ್ಬು ಕಡಿಸುವ ಜವಾಬ್ದಾರಿಯನ್ನು ತಮ್ಮನಿಗೆ ಒಪ್ಪಿಸಿ, ನಾವೂ ನಮ್ಮ ಮನೆಯವರೂ ಬೆಂಗಳೂರಿನಿಂದ ವಿಮಾನವೇರಿದೆವು. ಕೊರಳಲ್ಲಿ ಇಷ್ಟಲಿಂಗ, ಕೈಚೀಲದಲ್ಲಿ ವಿಭೂತಿ, ಪೆಟ್ಟಿಗೆಯ ತುಂಬ ಶೇಂಗಾ ಹೋಳಿಗೆ ಮತ್ತು ಸಜ್ಜೆಯ ರೊಟ್ಟಿ. ನಮ್ಮ ಗಡಿಯಾರಕ್ಕಿಂತ ಅಲ್ಲಿಯದು ಮೂರೂವರೆ ತಾಸು ಮುಂದೆ. ಮೊದಲ ನಾಲ್ಕು ದಿನ ನಾವು ಪೂಜೆಗೆ ಎದ್ದರೆ ಊರೆಲ್ಲ ಆಗಲೇ ಕೆಲಸಕ್ಕೆ ಹೊರಟಿರುತ್ತಿತ್ತು.

ಆದರೆ ನಾವು ಹೋದದ್ದು ಕೇವಲ ದೇಶ ನೋಡುವ ಆಸೆಯಿಂದಲ್ಲ. ಓದುಗ ಬಂಧುಗಳು ನಮ್ಮ ಮನೆಯವರಿದ್ದಂತೆ; ಆದುದರಿಂದ ಮುಚ್ಚಿಡದೆ ಹೇಳುತ್ತೇವೆ. ಹಿಂದಿನ ವರ್ಷ ನಮ್ಮ ಸೊಸೆಗೆ ಐದು ತಿಂಗಳ ಗರ್ಭ ಇಳಿದುಹೋಗಿತ್ತು. ಪರದೇಶದಲ್ಲಿ ಗಂಡ ಹೆಂಡಿರಿಬ್ಬರೇ. ತವರಿನವರು ಹೋಗಲಾಗಲಿಲ್ಲ, ನಾವೂ ಹೋಗಲಾಗಲಿಲ್ಲ. ಫೋನಿನಲ್ಲಿ ಮಾತಾಡಿದ ನಾವು ಹಿರಿಯರೆಲ್ಲ ಹೇಳುವುದನ್ನೇ ಹೇಳಿದೆವು: "ಆದದ್ದು ಆತು, ಮನಸ್ಸಿಗೆ ಹಚ್ಚಿಕೋಬ್ಯಾಡವ್ವಾ, ಮರೆತುಬಿಡು." ಆಕೆ "ಹೂಂನ್ರಿ ಮಾವಾ" ಎಂದಳು. ಅಂದಿನಿಂದ ಆಕೆ ನಮ್ಮೊಡನೆ ಆ ಮಾತನ್ನು ಎತ್ತಲಿಲ್ಲ. ಮೆಲ್ಲಮೆಲ್ಲನೆ ಬೇರೆ ಮಾತುಗಳನ್ನೂ ಕಡಿಮೆ ಮಾಡಿದಳು. ಯೊಕೊಹಾಮಾದ ಮನೆಯಲ್ಲಿ ಆಕೆ ನಮ್ಮನ್ನು ನೋಡಿಕೊಂಡ ರೀತಿಯಲ್ಲಿ ಒಂದು ಕೊರತೆಯಿರಲಿಲ್ಲ. ಬಿಸಿನೀರು, ಊಟ, ಹಾಸಿಗೆ ಎಲ್ಲವೂ ಹೊತ್ತಿಗೆ ಸರಿಯಾಗಿ. ಆದರೆ ಮನೆಯ ಒಳಗೆ ಒಂದು ಕೋಣೆಯ ಬಾಗಿಲು ಸದಾ ಮುಚ್ಚಿಯೇ ಇದ್ದಂತೆ ನಮಗೆ ಭಾಸವಾಗುತ್ತಿತ್ತು.

ನವೆಂಬರದ ಕೊನೆಯ ರವಿವಾರ ಮಗನು, "ಅಪ್ಪಾ, ಇವತ್ತ ಸಮುದ್ರ ನೋಡಾಕ ಹೋಗೂಣ" ಎಂದ. ಸೊಸೆಯೇ ಆ ಊರನ್ನು ಆರಿಸಿದ್ದಳೆಂಬುದು ನಮಗೆ ಆಗ ತಿಳಿದಿರಲಿಲ್ಲ. ಯೊಕೊಹಾಮಾದಿಂದ ರೈಲಿನಲ್ಲಿ ಅರ್ಧ ತಾಸಿನೊಳಗೆ, ಟೋಕಿಯೊದಿಂದ ಸುಮಾರು 50 ಕಿಲೊಮೀಟರ್ ದೂರದಲ್ಲಿ, ಸಾಗಾಮಿ ಕೊಲ್ಲಿಯ ದಂಡೆಗೆ ಕಾಮಾಕುರಾ ಎಂಬ ಪುರಾತನ ಪಟ್ಟಣವಿದೆ. ಮೂರು ಕಡೆ ಹಸಿರು ಗುಡ್ಡ, ಒಂದು ಕಡೆ ಕಡಲು. ಬೇಸಿಗೆಯಲ್ಲಿ ಟೋಕಿಯೊದ ಜನ ಈಜಲು ಬರುವ ಈ ತೀರಕ್ಕೆ ಅಲ್ಲಿಯವರು ಶೋನಾನ್ ಎನ್ನುತ್ತಾರೆ.

ಈ ಊರಿನ ಚರಿತ್ರೆ ಕೇಳಿದಾಗ ನಮಗೆ ಒಂದು ಸಂಗತಿ ವಿಸ್ಮಯವನ್ನುಂಟುಮಾಡಿತು. ಕಲ್ಯಾಣದಲ್ಲಿ ಶರಣರು ಅನುಭವದ ಮಾತುಗಳನ್ನಾಡಿದ ಹನ್ನೆರಡನೆಯ ಶತಮಾನವೇ ಕಾಮಾಕುರಾದ ಉದಯಕಾಲವೂ ಹೌದು. ಮಿನಾಮೊತೊ ಮನೆತನದ ಯೊರಿತೊಮೊ ಎಂಬ ಯೋಧನು ಇಲ್ಲಿ ನೆಲೆನಿಂತು, 1192ರಲ್ಲಿ ಶೋಗುನ್ ಎಂಬ ಸೇನಾಧಿಪತಿಯ ಪದವಿ ಪಡೆದು, ಅರಮನೆಯ ಚಕ್ರವರ್ತಿಯನ್ನು ಹೆಸರಿಗಷ್ಟೇ ಉಳಿಸಿ ರಾಜ್ಯವಾಳಿದನು. 1333ರವರೆಗೆ ಜಪಾನಿನ ಅಧಿಕಾರ ಈ ಕಡಲೂರಿನಲ್ಲಿತ್ತು. ಅದೇ ಕಾಲದಲ್ಲಿ ಹೋನೆನ್ ಎಂಬ ಭಿಕ್ಷು ಪಂಡಿತರ ಮಠಗಳನ್ನು ಬಿಟ್ಟು ಹೊರಬಂದು, ರೈತನಾಗಲಿ, ಮೀನುಗಾರನಾಗಲಿ, ಹೆಣ್ಣುಮಗಳಾಗಲಿ, ಭಕ್ತಿಯಿಂದ ಅಮಿತಾಭ ಬುದ್ಧನ ನಾಮವೊಂದನ್ನು ನೆನೆದರೆ ಸಾಕೆಂದು ಸಾರಿದನು. ಆತನು ತೀರಿಕೊಂಡದ್ದು 1212ರಲ್ಲಿ. ಕಲ್ಯಾಣಕ್ಕೂ ಕಾಮಾಕುರಾಕ್ಕೂ ಯಾವ ಸಂಬಂಧವೂ ಇರಲಿಲ್ಲ. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಮುಟ್ಟಿರಲಿಕ್ಕೂ ಇಲ್ಲ. ಆದರೂ ಸಾಮಾನ್ಯರ ಹಸಿವೆಯನ್ನು ಅರಿತ ಮಹಾತ್ಮರು ಒಂದೇ ಶತಮಾನದಲ್ಲಿ ಎರಡು ಕಡೆ ಬಾಗಿಲು ತೆರೆದರೆಂಬುದನ್ನು ನೆನೆದು ನಮ್ಮ ಕೈಗಳು ತಾವಾಗಿಯೇ ಮುಗಿದವು.

ಕಾಮಾಕುರಾ ನಿಲ್ದಾಣದಿಂದ ಎನೊದೆನ್ ಎಂಬ ಚಿಕ್ಕ ರೈಲಿದೆ. 1902ರಲ್ಲಿ ಆರಂಭವಾದ ಈ ಮಾರ್ಗ ಕೇವಲ ಹತ್ತು ಕಿಲೊಮೀಟರ್ ಉದ್ದದ್ದು; ಮನೆಗಳ ಹಿತ್ತಿಲಿಗೆ ತಾಗಿದಂತೆ, ಒಣಹಾಕಿದ ಬಟ್ಟೆಗಳ ಪಕ್ಕದಲ್ಲಿಯೇ ಓಡುತ್ತದೆ. ಮೂರನೆಯ ನಿಲ್ದಾಣವಾದ ಹಸೆಯಲ್ಲಿ ಇಳಿದು ಹತ್ತು ನಿಮಿಷ ನಡೆದರೆ ಕೋತೊಕು-ಇನ್ ಎಂಬ ದೇವಾಲಯ. ಅಲ್ಲಿ ಬಯಲಲ್ಲಿ ಕುಳಿತಿದ್ದಾನೆ ಮಹಾಬುದ್ಧ. ಕಂಚಿನ ವಿಗ್ರಹ, ಪೀಠವನ್ನು ಬಿಟ್ಟು ಎತ್ತರ 11.3 ಮೀಟರ್, ತೂಕ ಸುಮಾರು 121 ಟನ್ನು. ಮೊದಲು ಕಟ್ಟಿಗೆಯ ಮೂರ್ತಿಯಿತ್ತಂತೆ. ಅದು ಬಿರುಗಾಳಿಗೆ ಹಾಳಾದ ಮೇಲೆ ಜನರು ಕೊಟ್ಟ ಕಾಣಿಕೆಯಿಂದ 1252ರಲ್ಲಿ ಈ ಕಂಚಿನ ಕೆಲಸವನ್ನು ಆರಂಭಿಸಿದರು. ಮಳೆ ಬಿಸಿಲಿಗೆ ಹಸಿರುಗಟ್ಟಿದ ಮೈ, ಅರೆಮುಚ್ಚಿದ ಕಣ್ಣು, ತೊಡೆಯ ಮೇಲೆ ಕೂಡಿಸಿದ ಕೈ. ಐವತ್ತು ಯೆನ್ ಕೊಟ್ಟು ನಾವು ವಿಗ್ರಹದ ಹೊಟ್ಟೆಯೊಳಗೂ ಹೋಗಿ ಬಂದೆವು. ಒಳಗೆ ಟೊಳ್ಳು. ಕಂಚನ್ನು ಹಂತಹಂತವಾಗಿ ಎರಕಹೊಯ್ದು ಬೆಸೆದ ಗುರುತುಗಳು ಒಳಗಿನ ಗೋಡೆಯ ಮೇಲೆ ಕಾಣುತ್ತವೆ.

ಈ ಬುದ್ಧನಿಗೂ ಹಿಂದೊಮ್ಮೆ ದೊಡ್ಡ ಮಂದಿರವಿತ್ತು. ಬಿರುಗಾಳಿಗಳು ಅದನ್ನು ಎರಡು ಸಲ ಕೆಡವಿದವು. ಮತ್ತೆ ಕಟ್ಟಿದ್ದನ್ನು ಹದಿನೈದನೆಯ ಶತಮಾನದ ಕೊನೆಗೆ, 1498ರಲ್ಲಿ ಎಂದು ಅಲ್ಲಿಯವರು ಹೇಳುತ್ತಾರೆ, ಸಮುದ್ರವೇ ಏರಿಬಂದು ಕೊಚ್ಚಿಕೊಂಡು ಹೋಯಿತಂತೆ. ಆಮೇಲೆ ಯಾರೂ ಮಾಡು ಹೊದಿಸಲಿಲ್ಲ. ಐದುನೂರು ವರ್ಷಗಳಿಂದ ಆತ ಆಕಾಶದ ಕೆಳಗೇ ಕುಳಿತಿದ್ದಾನೆ. 1923ರ ಸೆಪ್ಟೆಂಬರ್ 1ರಂದು ಈ ಸಾಗಾಮಿ ಕೊಲ್ಲಿಯ ಪ್ರದೇಶದಲ್ಲಿಯೇ ಹುಟ್ಟಿದ ಭೂಕಂಪವು ಟೋಕಿಯೊ, ಯೊಕೊಹಾಮಾಗಳನ್ನು ಸುಟ್ಟು ಬೂದಿ ಮಾಡಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಾಗ, ಈ ವಿಗ್ರಹದ ಪೀಠವೂ ಕುಸಿಯಿತು. ಮೂರ್ತಿ ಮಾತ್ರ ಉಳಿಯಿತು. 1960ರ ಸುಮಾರಿಗೆ ಕೊರಳಿಗೆ ಒಳಗಿನಿಂದ ಬಲ ಕೊಟ್ಟು, ಭೂಮಿ ನಡುಗಿದರೆ ಮೂರ್ತಿಯು ಪೀಠದ ಮೇಲೆ ತುಸು ಜರುಗುವಂತೆ ಏರ್ಪಾಡು ಮಾಡಿದ್ದಾರೆ. ಗಟ್ಟಿಯಾಗಿ ಕಟ್ಟಿಹಾಕಿದ್ದು ಮುರಿಯುತ್ತದೆ, ಜರುಗಲು ಎಡೆಯಿದ್ದುದು ಉಳಿಯುತ್ತದೆ ಎಂಬುದು ಅವರು ಕಲಿತ ಪಾಠ.

ಹೊರಗೆ ಒಂದು ಗೋಡೆಗೆ ಹುಲ್ಲಿನಿಂದ ಹೆಣೆದ ಆಳೆತ್ತರದ ಒಂದು ಜೊತೆ ಪಾದರಕ್ಷೆಗಳನ್ನು ತೂಗುಹಾಕಿದ್ದರು. ಯಾರದಿದು ಎಂದು ನಮ್ಮ ಮನೆಯವರು ಕೇಳಿದರು. ಮಗ ಫಲಕ ಓದಿ ಹೇಳಿದ: ಎರಡನೆಯ ಮಹಾಯುದ್ಧದಲ್ಲಿ ದೇಶ ಹಾಳಾದ ಮೇಲೆ, ಬುದ್ಧನು ಇವನ್ನು ಮೆಟ್ಟಿಕೊಂಡು ನಾಡೆಲ್ಲ ನಡೆದಾಡಿ ಜನರ ದುಃಖ ಪರಿಹರಿಸಲೆಂದು ಇಬಾರಾಕಿ ಪ್ರಾಂತದ ಮಕ್ಕಳು 1951ರಿಂದ ಹೆಣೆದು ತಂದು ಅರ್ಪಿಸುತ್ತ ಬಂದಿದ್ದಾರೆ. ನಾವು ಬಹಳ ಹೊತ್ತು ಆ ಪಾದರಕ್ಷೆಗಳನ್ನು ನೋಡುತ್ತ ನಿಂತೆವು. ಸ್ಥಾವರವು ಜಂಗಮವಾಗಲೆಂದು ಮಕ್ಕಳು ಮಾಡಿದ ಪ್ರಾರ್ಥನೆಯಲ್ಲವೇ ಇದು? ಗುಡಿಯಲ್ಲಿ ಕುಳಿತ ದೇವರಿಗಿಂತ ಮನೆಬಾಗಿಲಿಗೆ ನಡೆದು ಬರುವವನು ದೊಡ್ಡವನೆಂಬುದನ್ನು ಅಣ್ಣನವರ ನಾಡಿನಿಂದ ಹೋದ ನಮಗೆ ಆ ಪರದೇಶದ ಮಕ್ಕಳು ಹುಲ್ಲಿನಲ್ಲಿ ಹೆಣೆದು ತೋರಿಸಿದ್ದರು.

ಅಲ್ಲಿಂದ ಮರಳಿ ಹಸೆ ನಿಲ್ದಾಣದ ಕಡೆಗೆ ಬರುವಾಗ ದಾರಿಯ ಕಂಬಗಳಿಗೆ, ಆ ಸ್ಥಳವು ಸಮುದ್ರಮಟ್ಟದಿಂದ ಎಷ್ಟು ಮೀಟರ್ ಎತ್ತರದಲ್ಲಿದೆ ಎಂಬ ಫಲಕಗಳನ್ನು ಹಚ್ಚಿದ್ದು ಕಂಡಿತು. ಸುನಾಮಿ ಬಂದರೆ ಯಾವ ಕಡೆಗೆ ಓಡಬೇಕೆಂಬ ಬಾಣದ ಗುರುತುಗಳೂ ಇದ್ದವು. 2019ರ ಆಗಸ್ಟಿನಲ್ಲಿಯೂ 2021ರ ಜುಲೈಯಲ್ಲಿಯೂ ನಮ್ಮ ನದಿಗಳು ಉಕ್ಕಿ, ಯಮಗರ್ಣಿಯ ಹತ್ತಿರ ಹೆದ್ದಾರಿಯೇ ಮುಳುಗಿ, ನಾವು ದಿನಗಟ್ಟಲೆ ನಿಪ್ಪಾಣಿಯ ಮುಖ ಕಾಣದೆ ಇದ್ದುದು ನೆನಪಾಯಿತು. ನಮ್ಮ ಕಡೆ ನೀರು ಇಳಿದ ಮೇಲೆ ಗೋಡೆ ತೊಳೆದು ಸುಣ್ಣ ಬಳಿದು ಗುರುತು ಅಳಿಸುತ್ತೇವೆ. ಇವರು ನೀರು ಬಂದದ್ದನ್ನೂ ಬರುವುದನ್ನೂ ಕಂಬಕ್ಕೆ ಬರೆದು ಹಚ್ಚಿ, ಅದರ ಕೆಳಗೇ ಅಂಗಡಿ ತೆರೆದು ಬಾಳುತ್ತಾರೆ.

ನಿಲ್ದಾಣದ ಹತ್ತಿರದ ಗುಡ್ಡದ ಮೇಲೆ ಹಸೆದೆರಾ ಎಂಬ ಇನ್ನೊಂದು ಪ್ರಸಿದ್ಧ ದೇವಾಲಯವಿದೆ. ಮೇಲಿನ ಮಂದಿರದಲ್ಲಿ ಹನ್ನೊಂದು ಮುಖಗಳ ಕಾನ್ನೊನ್ ಮೂರ್ತಿ. ನಮ್ಮ ದೇಶದ ಅವಲೋಕಿತೇಶ್ವರನೇ ಚೀನಾ ದಾಟಿ ಜಪಾನಿಗೆ ಹೋಗಿ ಕಾನ್ನೊನ್ ಆದದ್ದು. ಕಟ್ಟಿಗೆಯಲ್ಲಿ ಕೆತ್ತಿ ಚಿನ್ನದ ಲೇಪ ಕೊಟ್ಟ ಈ ಮೂರ್ತಿಯ ಎತ್ತರ 9 ಮೀಟರಿಗೂ ಮಿಕ್ಕಿದ್ದು. ಇದನ್ನು ಕಡಲಿಗೆ ತೇಲಿಬಿಟ್ಟಿದ್ದರೆಂದೂ ಅದು ತಾನಾಗಿಯೇ ಈ ತೀರಕ್ಕೆ ಬಂದು ಸೇರಿತೆಂದೂ ಸ್ಥಳಪುರಾಣ. ಆ ಮಂದಿರಕ್ಕೆ ಏರುವ ಮೆಟ್ಟಿಲುಗಳ ನಡುವೆ ಒಂದು ಸಮತಟ್ಟಾದ ಜಾಗವಿದೆ. ಅಲ್ಲಿಗೆ ಬರುತ್ತಲೇ ಸೊಸೆ ನಮ್ಮ ಮನೆಯವರ ಸೆರಗು ಹಿಡಿದು, "ಅತ್ತೀ, ಇಲ್ಲಿ ಒಂದೀಟು ನಿಂದರೂಣ್ರೀ" ಎಂದಳು.

ಎದುರಿಗೆ ಗುಡ್ಡದ ಇಳಿಜಾರಿನಲ್ಲಿ ಸಾಲುಸಾಲಾಗಿ ಚಿಕ್ಕಚಿಕ್ಕ ಕಲ್ಲಿನ ಮೂರ್ತಿಗಳು. ನೂರಲ್ಲ, ಇನ್ನೂರಲ್ಲ, ಕಣ್ಣು ಹಾಯುವಷ್ಟೂ ಅವೇ. ಗೇಣುದ್ದದ ಬೋಳುತಲೆಯ ಬಾಲಭಿಕ್ಷುಗಳು ಕೈಮುಗಿದು ನಿಂತಂತೆ. ನಾವು ಏನಿದು ಎಂದು ಕೇಳಿದೆವು. ಮಗ ಸ್ವರ ತಗ್ಗಿಸಿ, "ಹುಟ್ಟೂಕಿಂತ ಮುಂಚೇನ ಹೋದ ಕೂಸುಗಳ ನೆನಪಿಗೆ ಇಟ್ಟಾರ, ಅಪ್ಪಾ" ಎಂದ.

ಜಿಜೋ ಎಂದು ಅವರು ಕರೆಯುವ ಈ ದೇವತೆ ಮೂಲದಲ್ಲಿ ಸಂಸ್ಕೃತ ಗ್ರಂಥಗಳ ಕ್ಷಿತಿಗರ್ಭ ಬೋಧಿಸತ್ವ. ದಾರಿಹೋಕರನ್ನೂ ಮಕ್ಕಳನ್ನೂ ಕಾಯುವವನೆಂದು ಜಪಾನಿನಲ್ಲಿ ಊರೂರಿಗೆ, ಹಾದಿಹಾದಿಗೆ ಈತನ ಮೂರ್ತಿಗಳಿವೆ. ಗರ್ಭದಲ್ಲಿಯೇ ಅಳಿದ ಶಿಶುವನ್ನು ಅವರು 'ಮಿಜುಕೊ' ಎನ್ನುತ್ತಾರೆ. ನೀರಿನ ಕೂಸು ಎಂದು ಅದರ ಅರ್ಥ. ಅಂಥ ಶಿಶುವಿಗಾಗಿ ಪ್ರಾರ್ಥನೆ ಮಾಡಿಸುವ ಪದ್ಧತಿ ಈ ರೂಪದಲ್ಲಿ ಬಳಕೆಗೆ ಬಂದದ್ದು 1970ರ ದಶಕದಿಂದ ಈಚೆಗೆ. ದುಃಖದಲ್ಲಿರುವ ತಾಯಂದಿರಿಂದ ಹಣ ಕೀಳುವ ವ್ಯಾಪಾರವಾಗಿದೆ ಎಂದು ಅದನ್ನು ಟೀಕಿಸುವವರೂ ಆ ದೇಶದಲ್ಲಿಯೇ ಇದ್ದಾರೆ. ಕಲ್ಲಿನ ಮೂರ್ತಿಯಲ್ಲಿ ಪರಿಹಾರ ಹುಡುಕಬಾರದೆಂದು ಕೇಳಿ ಬೆಳೆದ ನಮಗೂ ಮೊದಲ ಗಳಿಗೆಯಲ್ಲಿ ಅದೇ ವಿಚಾರ ಬಂದಿತು. ಆದರೆ ಸೊಸೆಯ ಮುಖ ನೋಡಿದ ಮೇಲೆ ನಮ್ಮ ವಿಚಾರವೆಲ್ಲ ಬಾಯೊಳಗೇ ಉಳಿಯಿತು.

ಆಕೆ ಮೂರ್ತಿಯನ್ನು ಪೂಜಿಸಲಿಲ್ಲ, ಹಣ ಕೊಟ್ಟು ಏನನ್ನೂ ಮಾಡಿಸಲಿಲ್ಲ. ಸುಮ್ಮನೆ ನಿಂತಿದ್ದಳು. ಹತ್ತಿರದಲ್ಲಿ ಒಬ್ಬ ವಯಸ್ಸಾದ ಜಪಾನೀ ಹೆಣ್ಣುಮಗಳು ಬಾಗಿ ನಮಸ್ಕರಿಸಿ ಹೋದಳು. ಎಷ್ಟು ವರ್ಷಗಳ ಹಿಂದಿನ ಕೂಸೋ ಏನೋ. ಅದನ್ನು ನೋಡುತ್ತಲೇ ಸೊಸೆಗೆ ಅಳು ಒತ್ತರಿಸಿ ಬಂದಿತು. ಒಂದು ವರ್ಷ ನಮ್ಮೆಲ್ಲರ ಮುಂದೆ ನುಂಗಿದ್ದ ಅಳು. "ಆರು ಸಲ ಬಂದೀನ್ರಿ ಅತ್ತೀ ಇಲ್ಲಿ, ಒಬ್ಬಾಕೀನ" ಎಂದಳು. ಮಗನಿಗೂ ಅದು ತಿಳಿದಿರಲಿಲ್ಲ.

ನಮ್ಮ ಮನೆಯವರು ಸೊಸೆಯ ತಲೆಯನ್ನು ಎದೆಗೆ ಒತ್ತಿಕೊಂಡರು. ಸುಮ್ಮನಿರು ಎಂದಾಗಲಿ, ಮತ್ತೊಂದಾಗತದ ಎಂದಾಗಲಿ ಅವರು ಹೇಳಲಿಲ್ಲ. ಬಹಳ ಹೊತ್ತಿನ ಮೇಲೆ, "ನನಗೂ ಒಂದಿತ್ತವ್ವಾ. ಹೆಣ್ಣಕೂಸು. ಮಾರಿ ಸುದ್ದಾ ನೋಡಗೊಡಲಿಲ್ಲ ನನಗ" ಎಂದರು.

ನಾವು ಮೆಟ್ಟಿಲಿನ ಕಟಕಟೆ ಹಿಡಿದು ನಿಂತೆವು. 1987ರ ಮಳೆಗಾಲದ ಮಾತದು. ನಮ್ಮ ಚೊಚ್ಚಲ ಕೂಸು ಎಂಟು ತಿಂಗಳಿಗೆ ಉಸಿರಿಲ್ಲದೆ ಹುಟ್ಟಿತ್ತು. ಬಾಣಂತಿಗೆ ತೋರಿಸಬಾರದು, ಮನಸ್ಸಿಗೆ ಹಚ್ಚಿಕೊಂಡಾಳು ಎಂದು ಮನೆಯ ಹಿರಿಯರು ಬಟ್ಟೆಯಲ್ಲಿ ಸುತ್ತಿ ನಮ್ಮ ಕೈಗೆ ಕೊಟ್ಟಿದ್ದರು. ಮರುದಿನ ಎಲ್ಲರೂ ಆಕೆಗೆ ಹೇಳಿದ ಮಾತು, "ಮರೆತುಬಿಡು." ಮುಂದೆ ಎರಡು ವರ್ಷಕ್ಕೆ ಮಗ ಹುಟ್ಟಿದ. ನಾವೂ ಮರೆತೆವೆಂದೇ ಬಗೆದಿದ್ದೆವು. ಮೂವತ್ತಾರು ವರ್ಷಗಳಲ್ಲಿ ಆ ಕೂಸಿನ ಮಾತನ್ನು ನಾವಿಬ್ಬರೂ ಒಮ್ಮೆಯೂ ಆಡಿರಲಿಲ್ಲ. ತನಗೊಬ್ಬ ಅಕ್ಕ ಇದ್ದಳೆಂದು ಮಗನಿಗೆ ತಿಳಿದದ್ದು ಆ ಪರದೇಶದ ಮೆಟ್ಟಿಲಿನ ಮೇಲೆ.

ಗುಡ್ಡ ಇಳಿದು ನಾವು ಯುಇಗಹಾಮಾ ಎಂಬ ಮರಳದಂಡೆಗೆ ಬಂದೆವು. ಕಪ್ಪು ಛಾಯೆಯ ನುಣುಪು ಮರಳು, ಅರ್ಧಚಂದ್ರಾಕಾರದ ತೀರ, ಎಳೆಬಿಸಿಲು. ಹಲಗೆಯ ಮೇಲೆ ನಿಂತು ಅಲೆಯೇರುವ ಹುಡುಗರು ದೂರದಲ್ಲಿ ಕರಿಯ ಚುಕ್ಕಿಗಳಂತೆ ಕಾಣುತ್ತಿದ್ದರು. ಊಟಕ್ಕೆಂದು ಬುತ್ತಿ ಬಿಚ್ಚಿದೆವು. ಆ ಕಡಲತೀರದಲ್ಲಿ ಸಣ್ಣ ಮೀನನ್ನು ಅನ್ನದ ಮೇಲೆ ಹಾಕಿಕೊಡುವುದು ಹೆಸರಾದ ಊಟ. ಸಾರಿಗೂ ಮೀನಿನ ರಸವನ್ನೇ ಬಳಸುವುದರಿಂದ ನಮ್ಮಂಥವರು ಬುತ್ತಿ ಒಯ್ಯುವುದೇ ಲೇಸು. ಬೌದ್ಧ ಮಠಗಳಲ್ಲಿ 'ಶೋಜಿನ್ ರ್ಯೋರಿ' ಎಂಬ ಶುದ್ಧ ಶಾಕಾಹಾರದ ಅಡುಗೆಯುಂಟು. ಅದರಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿಯೂ ವರ್ಜ್ಯ.

ನಮ್ಮ ಮನೆಯವರು ಶೇಂಗಾ ಹೋಳಿಗೆಯನ್ನು ಸೊಸೆಯ ಕೈಗೆ ಕೊಡುವಷ್ಟರಲ್ಲಿ ತಲೆಯ ಮೇಲಿಂದ ಏನೋ ಬೀಸಿಬಂದಂತಾಯಿತು. ಹದ್ದು! ನಮ್ಮೂರ ಆಕಾಶದಲ್ಲಿ ಸುತ್ತುವ ಅದೇ ಹದ್ದು, ಹೋಳಿಗೆಯನ್ನು ಕಿತ್ತುಕೊಂಡು ಕಡಲಿನ ಮೇಲೆ ಹೊರಟೇ ಹೋಯಿತು. ಹದ್ದುಗಳಿವೆ, ಎಚ್ಚರವಿರಲಿ ಎಂದು ಅಲ್ಲಿ ಬರೆದೇ ಹಾಕಿದ್ದರಂತೆ, ಓದುವವರು ಯಾರು? ಒಂದು ಕ್ಷಣ ಎಲ್ಲರೂ ದಿಗಿಲುಗೊಂಡೆವು. ಆಮೇಲೆ ಸೊಸೆ ನಕ್ಕಳು. ಕಣ್ಣಲ್ಲಿ ಇನ್ನೂ ನೀರಿತ್ತು, ಆದರೂ ಗಟ್ಟಿಯಾಗಿ ನಕ್ಕಳು. "ಹೋಗಲಿ ಬಿಡು, ಅದಕ್ಕೂ ಮರಿ ಇರಬೇಕು" ಎಂದರು ನಮ್ಮ ಮನೆಯವರು.

ಊಟವಾದ ಮೇಲೆ ಮಕ್ಕಳಿಬ್ಬರೂ ನೀರಿನಂಚಿಗೆ ನಡೆದುಹೋದರು. ನಾವಿಬ್ಬರೇ ಉಳಿದೆವು. ಆಗ ಅವರು ಕಡಲನ್ನೇ ನೋಡುತ್ತ ಕೇಳಿದರು: "ಎಲ್ಲಿ ಇಟ್ಟು ಬಂದ್ರಿ ಅದನ್ನ?"

ಮೂವತ್ತಾರು ವರ್ಷ ಈ ಪ್ರಶ್ನೆಗೆ ನಾವು ಹೆದರಿದ್ದೆವೆಂಬುದು ಅದನ್ನು ಕೇಳಿದ ಮೇಲೆಯೇ ನಮಗೆ ತಿಳಿಯಿತು. ನಮ್ಮ ತೋಟದ ಮೂಡಣ ಬದುವಿನಲ್ಲಿ, ಮಳೆಯಲ್ಲಿ ನಾವೇ ನೆಲ ಅಗೆದು, ಹಣೆಗೆ ವಿಭೂತಿ ಹಚ್ಚಿ ಮಣ್ಣು ಮುಚ್ಚಿದ್ದೆವು. ನಾಯಿ ನರಿ ಕೆದರದಿರಲೆಂದು ಕಲ್ಲು ಹೇರಿ, ಗುರುತಿಗೆ ಒಂದು ಬೇವಿನ ಸಸಿ ಹಚ್ಚಿದ್ದೆವು. ಕಬ್ಬಿನ ಟ್ರ್ಯಾಕ್ಟರಿಗೆ ಅಡ್ಡಬರುತ್ತದೆಂದು ತಮ್ಮಂದಿರು ಆ ಗಿಡವನ್ನು ಎರಡು ಸಲ ಕಡಿಯಹೊರಟಾಗ ನಾವು ಜಗಳಾಡಿ ಉಳಿಸಿಕೊಂಡಿದ್ದೆವು. ಮಾಸ್ತರರಿಗೆ ಗಿಡದ ಹುಚ್ಚು ಎಂದು ಊರಲ್ಲಿ ನಗೆಯಾಡಿದ್ದರು. ಇದನ್ನೆಲ್ಲ ಅವರಿಗೆ ಹೇಳಿದೆವು.

ಅವರು ಮರಳಿನ ಮೇಲೆ ಬೆರಳಾಡಿಸುತ್ತ ಕುಳಿತರು. "ಆ ಗಿಡದ ನೆರಳಾಗ ಕುಂತು ಎಷ್ಟು ವರ್ಷ ಬುತ್ತಿ ಉಂಡೇನ್ರಿ ನಾನು. ಹೇಳಬೇಕಿತ್ತು" ಎಂದರು. ಅದರಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ನಮಗೆ ಹಗುರಾಗುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು, "ಹೆಂಗಿತ್ತು?" ನಾವು ಹೇಳಿದೆವು: ನಿನ್ನ ಹಾಗೆಯೇ ದುಂಡು ಮುಖ, ತಲೆ ತುಂಬ ಕೂದಲು. ಅಷ್ಟು ಹೇಳುವುದಕ್ಕೆ ನಮಗೆ ಒಂದು ಆಯುಷ್ಯ ಹಿಡಿಯಿತು.

ಸಂಜೆ ಮತ್ತೆ ಎನೊದೆನ್ ರೈಲು ಹತ್ತಿದೆವು. ಮುಂದಿನ ದಾರಿಯಲ್ಲಿ ಹಳಿಗಳು ಕಡಲಿಗೆ ಎಷ್ಟು ಸಮೀಪವೆಂದರೆ ಕಿಟಕಿಯ ಹೊರಗೆ ರಸ್ತೆ, ಅದರಾಚೆ ನೀರೇ ನೀರು. ಎನೊಶಿಮಾ ಎಂಬ ನಡುಗಡ್ಡೆಗೆ ಸೇತುವೆಯ ಮೇಲೆ ನಡೆದುಹೋದೆವು. ಅಲ್ಲಿಯ ಅಧಿದೇವತೆ ಬೆಂಜೈತೆನ್. ಕೈಯಲ್ಲಿ ವೀಣೆಯಂಥ ವಾದ್ಯ ಹಿಡಿದ ಈಕೆ ನಮ್ಮ ಸರಸ್ವತಿಯೇ. ಭಾರತದಿಂದ ಹೊರಟು ಚೀನಾದ ಮೇಲೆ ಹಾದು ಇಲ್ಲಿಗೆ ಬಂದು, ನದಿಯ ಹೆಸರಿನ ದೇವಿ ಕಡಲಿನ ನಡುಗಡ್ಡೆಯಲ್ಲಿ ನೆಲೆನಿಂತಿದ್ದಾಳೆ. ತಿರುಗಿ ಬರುವಾಗ ಸೇತುವೆಯ ಮೇಲೆ ನಿಂತು ನೋಡಿದರೆ ಪಶ್ಚಿಮದಲ್ಲಿ ಸೂರ್ಯ ಮುಳುಗುತ್ತಿದ್ದ. ಕೊಲ್ಲಿಯ ಆಚೆಗೆ, 3,776 ಮೀಟರ್ ಎತ್ತರದ ಫೂಜಿ ಪರ್ವತ ಕೆಂಬಣ್ಣದ ಆಕಾಶದಲ್ಲಿ ನೀಲಿಯಾಗಿ ನಿಂತಿತ್ತು. ನಮ್ಮ ಮನೆಯವರೂ ಸೊಸೆಯೂ ಒಂದೇ ಶಾಲು ಹೊದ್ದು ಮುಂದೆ ಮುಂದೆ ನಡೆದಿದ್ದರು. ಏನು ಮಾತಾಡುತ್ತಿದ್ದರೋ ನಮಗೆ ಕೇಳಿಸಲಿಲ್ಲ. ಕೇಳಿಸಿಕೊಳ್ಳುವುದು ನಮ್ಮ ಕೆಲಸವೂ ಆಗಿರಲಿಲ್ಲ.

ಜನವರಿಯಲ್ಲಿ ಊರಿಗೆ ಮರಳಿದ ಮರುದಿನವೇ ಅವರು ತೋಟಕ್ಕೆ ಹೋಗೋಣವೆಂದರು. ಬೇವಿನ ಬುಡದಲ್ಲಿ ಕಲ್ಲುಗಳು ಮಣ್ಣಿನಲ್ಲಿ ಅರ್ಧ ಹೂತುಹೋಗಿದ್ದವು. ಅವರು ಅವನ್ನು ಒಂದೊಂದಾಗಿ ಒರಸಿ, ವಿಭೂತಿ ಹಚ್ಚಿ, ಒಂದು ತಂಬಿಗೆ ನೀರು ಹಾಕಿದರು. ಮಂತ್ರವಿಲ್ಲ, ಶಾಸ್ತ್ರವಿಲ್ಲ. ಆಮೇಲೆ ಅಲ್ಲಿಯೇ ಕುಳಿತು ಬುತ್ತಿ ಉಂಡೆವು. ಈಗ ಪ್ರತಿ ರವಿವಾರ ಅತ್ತೆ ಸೊಸೆಯರು ಫೋನಿನಲ್ಲಿ ಮಾತಾಡುವಾಗ ಆ ಎರಡೂ ಕೂಸುಗಳ ಮಾತು ಒಮ್ಮೊಮ್ಮೆ ಬರುತ್ತದೆ, ಹೋಗುತ್ತದೆ. ಮನೆಯ ಒಳಗಿನ ಆ ಕೋಣೆಯ ಬಾಗಿಲು ತೆರೆದಿದೆ.

ಬಂಧುಗಳೇ, ಕಾಮಾಕುರಾಕ್ಕೆ ಹೋಗಿರೆಂದು ಹೇಳಲು ನಾವು ಇದನ್ನು ಬರೆಯಲಿಲ್ಲ. ಹೋಗುವ ಅವಕಾಶ ಬಂದರೆ ಅವಶ್ಯ ಹೋಗಿರಿ. ನಮ್ಮ ಅರಿಕೆ ಬೇರೆ. ಗರ್ಭಿಣಿಯೆಂದು ತಿಳಿದುಬಂದ ನೂರರಲ್ಲಿ ಹತ್ತರಿಂದ ಇಪ್ಪತ್ತು ಗರ್ಭಗಳು ನಿಲ್ಲುವುದಿಲ್ಲವೆಂದೂ, ಬಹಳ ಮಟ್ಟಿಗೆ ಅದರಲ್ಲಿ ತಾಯಿಯ ತಪ್ಪೇನೂ ಇರುವುದಿಲ್ಲವೆಂದೂ ವೈದ್ಯಶಾಸ್ತ್ರ ಹೇಳುತ್ತದೆ. ಅಂದಮೇಲೆ ಇಂಥ ತಾಯಿಯಿಲ್ಲದ ಓಣಿ ನಮ್ಮಲ್ಲಿ ಒಂದೂ ಇರಲಾರದು. ಆಕೆ ನಿಮ್ಮ ಸೊಸೆಯಾಗಿರಬಹುದು, ಮಗಳಾಗಿರಬಹುದು, ಅಥವಾ ಮೂವತ್ತಾರು ವರ್ಷ ನಿಮ್ಮ ಜೊತೆಗೆ ಬಾಳಿದ ಹೆಂಡತಿಯೇ ಆಗಿರಬಹುದು. ಅವರಿಗೆ ಮರೆತುಬಿಡು ಎನ್ನಬೇಡಿರಿ. ಹತ್ತಿರ ಕುಳಿತು, ಹೆಂಗಿತ್ತವ್ವಾ ಎಂದು ಕೇಳಿರಿ. ಕೇಳಿದ ಮೇಲೆ ಆಕೆ ಹೇಳುವವರೆಗೆ ಸುಮ್ಮನಿರಿ. ಅದಕ್ಕೆ ಜಪಾನಿನ ಕಡಲದಂಡೆ ಬೇಕಿಲ್ಲ. ನಿಮ್ಮ ತೋಟದ ಬದು ಸಾಕು.